ಶಾಲಾ ಮಕ್ಕಳಿಗೆ ‘ಬಾಶು’ ತೋರಿಸಿ

ಯುದ್ಧದಿಂದ ಅನಾಥರಾಗುವ ಮಕ್ಕಳ ಸುದ್ದಿಯನ್ನು ಪತ್ರಿಕೆಯಲ್ಲಿ ಮತ್ತೆ ಮತ್ತೆ ಓದಬೇಕಾಗಿ ಬಂದಿರುವ ಈ ಹೊತ್ತಿನಲ್ಲಿ, ಇರಾನಿನ ಬಹರಾಮ್ ಬೇಝಾಯಿ ನಿರ್ದೇಶಿಸಿದ ‘ಬಾಶು’ ಚಲನಚಿತ್ರವನ್ನು ನಮ್ಮ ಪ್ರೌಢಶಾಲೆಗಳಲ್ಲಿ ತೋರಿಸುವುದು ಅಗತ್ಯವಾಗಿದೆ. ಇರಾನ್–ಇರಾಕ್ ಯುದ್ಧ ನಡೆಯುತ್ತಿದ್ದಾಗಲೇ, 1985ರಲ್ಲಿ ತಯಾರಾದ ಈ ಚಿತ್ರದಲ್ಲಿ, ಬಾಂಬ್ ದಾಳಿಗೆ ಹೆತ್ತವರನ್ನು ಕಳೆದುಕೊಂಡ ದಕ್ಷಿಣದ ಹುಡುಗನೊಬ್ಬ ಲಾರಿಯಲ್ಲಿ ಅಡಗಿ ಉತ್ತರದ ಗಿಲಾನ್ ಸೇರುತ್ತಾನೆ. ಅವನ ಕಪ್ಪು ಮೈಬಣ್ಣವನ್ನು ಕೊಳೆಯೆಂದು ಭಾವಿಸಿ ಸೋಪು ಹಚ್ಚಿ ತಿಕ್ಕುವ ರೈತ ಮಹಿಳೆಯೇ ಮುಂದೆ ನೆರೆಹೊರೆಯವರ ಕೊಂಕುಮಾತಿಗಾಗಲಿ, ದೂರದಲ್ಲಿರುವ ಗಂಡನ ಅಸಮ್ಮತಿಗಾಗಲಿ ಜಗ್ಗದೆ ಅವನನ್ನು ಮಗನಂತೆ ಉಳಿಸಿಕೊಳ್ಳುತ್ತಾಳೆ. ಉಪದೇಶದ ಒಂದು ಮಾತೂ ಇಲ್ಲದೆ ಇದು ಮಕ್ಕಳ ಮನಸ್ಸನ್ನು ಮುಟ್ಟುತ್ತದೆ. ಇಂಥ ಚಿತ್ರಗಳು ಬೆಂಗಳೂರಿನ ಚಿತ್ರೋತ್ಸವಕ್ಕಷ್ಟೇ ಸೀಮಿತವಾಗದಂತೆ, ಕರ್ನಾಟಕ ಚಲನಚಿತ್ರ ಅಕಾಡೆಮಿಯು ಶಿಕ್ಷಣ ಇಲಾಖೆಯೊಡನೆ ಸೇರಿ, ಕನ್ನಡ ಅಡಿಬರಹದೊಂದಿಗೆ ತಾಲ್ಲೂಕು ಕೇಂದ್ರಗಳಲ್ಲಿ ಪ್ರದರ್ಶನ ಏರ್ಪಡಿಸಬೇಕು.

– ನಿವೃತ್ತ ಶಿಕ್ಷಕಿ, ಸಾಗರ