ಗೆಳೆಯನಿಗೊಂದು ಪತ್ರ: ಮೆಕೆಂಜಿ, ಬೋರಯ್ಯ ಮತ್ತು ನಿನ್ನ ಮುನ್ನುಡಿ

ಪ್ರಿಯ ಗುಂಡಾ,

ಫೋನಿನಲ್ಲಿ ಹೇಳಬಹುದಾದ್ದನ್ನು ಊರಿಗೆಲ್ಲ ಕೇಳುವ ಹಾಗೆ ಯಾಕೆ ಬರೆಯುತ್ತಿದ್ದಾನೆ ಅಂತ ಗೊಣಗಬೇಡ. ಪುಳಿಯೋಗರೆ ಪ್ರಕರಣ ಆದಮೇಲೆ ನೀನು ಯಾರ ಫೋನೂ ಎತ್ತುತ್ತಿಲ್ಲ ಅಂತ ಸುದ್ದಿ.

ವಿಷಯ ನಮ್ಮ ಕರ್ನಲ್ ಮೆಕೆಂಜಿಯದು. ಟಿಪ್ಪು ಸತ್ತಮೇಲೆ ಮೈಸೂರು ಸೀಮೆಯನ್ನು ಅಳೆಯಲು ಬಂದ ಈಸ್ಟ್ ಇಂಡಿಯಾ ಕಂಪನಿಯ ಸರ್ವೇ ಅಧಿಕಾರಿ, ಅಳೆದು ಸುಮ್ಮನೆ ಹೋಗಲಿಲ್ಲ. ಕೈಫಿಯತ್ತು ಅಂದರೆ ಊರೂರಿನ ಚರಿತ್ರೆಯ ಬರಹ, ಓಲೆಗರಿ, ನಾಣ್ಯ, ಸಿಕ್ಕಿದ್ದೆಲ್ಲ ಗುಡ್ಡೆ ಹಾಕಿದ. 1821ರಲ್ಲಿ ತೀರಿಕೊಂಡಾಗ ಅವನ ಸಂಗ್ರಹದಲ್ಲಿ ಶಾಸನಗಳ ನಕಲೇ 8,076. ಇದು ನಿನಗೆ ಬಾಯಿಪಾಠ. ನಾನು ಈಗ ಓದಿದ್ದು 1817ರ ಫೆಬ್ರವರಿ 1ರಂದು ಅವನು ಸಿಂಹಳದ ಮುಖ್ಯ ನ್ಯಾಯಾಧೀಶ ಅಲೆಕ್ಸಾಂಡರ್ ಜಾನ್‌ಸ್ಟನ್‌ಗೆ ಬರೆದ ಪತ್ರ. ಸ್ನೇಹಿತನಿಗೆ ಬರೆದದ್ದು ಹೌದು. ಆದರೆ ಕಂಪನಿಯ ದೊಡ್ಡವರ ಕಣ್ಣಿಗೂ ಬೀಳಲಿ ಅನ್ನುವ ಆಸೆ ನನಗಂತೂ ಕಂಡಿತು. ನಗಬೇಡ, ಮುಂದೆ ಓದು.

ಆ ಪತ್ರದಲ್ಲಿ ಅವನು ತನ್ನ ಸಹಾಯಕನಾಗಿದ್ದ ಕಾವಲಿ ವೆಂಕಟ ಬೋರಯ್ಯನನ್ನು ನೆನೆಯುತ್ತಾನೆ. ನನಗೆ ಇಲ್ಲಿನ ಭಾಷೆಗಳು ಬರುತ್ತಿರಲಿಲ್ಲ, ಎಷ್ಟೋ ವರ್ಷದಿಂದ ಹುಡುಕುತ್ತಿದ್ದುದು ಕೈಗೆ ಸಿಕ್ಕಿದ್ದು ಈತನ ಪ್ರತಿಭೆಯಿಂದ ಅನ್ನುತ್ತಾನೆ. ಈ ದೇಶದ ವಿದ್ಯೆಯ ಬಾಗಿಲು ತನಗೆ ತೆರೆದದ್ದೇ ಆತನ ಪರಿಚಯದಿಂದ ಅಂತಲೂ ಹೇಳುತ್ತಾನೆ. ಓದಿ ಕಣ್ಣು ತುಂಬಿತು ಮಾರಾಯ. ಆಮೇಲೆ ಲೆಕ್ಕ ಹಾಕಿದೆ. ಬೋರಯ್ಯ ಸತ್ತಿದ್ದು 1803ರಲ್ಲಿ. ಹೊಗಳಿಕೆ ಬರೆಯುವ ಹೊತ್ತಿಗೆ 14 ವರ್ಷ ಆಗಿತ್ತು, ಅದೂ ಮೂರನೆಯವರಿಗೆ.

ಬದುಕಿದ್ದವನ ಕಥೆ ಬೇರೆ. ಅಣ್ಣನ ಜಾಗಕ್ಕೆ ತಮ್ಮ ಲಕ್ಷ್ಮಯ್ಯ ಬಂದ. ಇನಾಮು ಜಮೀನು ಕೈತಪ್ಪೀತು ಅಂತ ಹೆದರಿ ಊರಿನವರು ಕಡತ ಬಚ್ಚಿಡುತ್ತಿದ್ದ ಕಾಲ ಅದು. ಅವರನ್ನು ಒಲಿಸಿ, ನಕಲು ಮಾಡಿ, ವರದಿ ಕಳಿಸುತ್ತಿದ್ದವರೆಲ್ಲ ನಮ್ಮವರೇ. ಸಾಹೇಬ ಹೋದಮೇಲೆ, ಇದೇ ಕೆಲಸ ಮುಂದುವರಿಸುತ್ತೇನೆ, ಅವಕಾಶ ಕೊಡಿ ಅಂತ ಲಕ್ಷ್ಮಯ್ಯ ಕೇಳಿಕೊಂಡ. 1836ರಲ್ಲಿ ಕಲ್ಕತ್ತೆಯ ವಿದ್ವಾಂಸರ ಸಂಘ ಏಷ್ಯಾಟಿಕ್ ಸೊಸೈಟಿಯಿಂದ ಬಂದ ಉತ್ತರ ಏನು ಗೊತ್ತಾ? ಇಂಥ ಕೆಲಸಕ್ಕೆ ಎಲ್ಲವನ್ನೂ ಒಟ್ಟಾಗಿ ನೋಡಬಲ್ಲ ದೊಡ್ಡ ತಲೆ ಬೇಕು, ದೇಶೀಯರಿಗೆ ಅದು ಆಗದು, ಸಹಾಯಕರಾಗಿ ಇದ್ದರೆ ಸರಿ. ಆಗ ಅಲ್ಲಿ ಕಾರ್ಯದರ್ಶಿ ಜೇಮ್ಸ್ ಪ್ರಿನ್ಸೆಪ್. ಹೌದು, ಅಶೋಕನ ಶಾಸನಗಳ ಬ್ರಾಹ್ಮಿ ಲಿಪಿ ಬಿಡಿಸಿದ ಅದೇ ಪ್ರಿನ್ಸೆಪ್. ಕಲ್ಲಿನ ಮೇಲಿನ ಅಕ್ಷರ ಓದಬಲ್ಲವನಿಗೆ ಎದುರಿಗಿದ್ದ ಮನುಷ್ಯನನ್ನು ಓದಲು ಆಗಲಿಲ್ಲ.

ಇಲ್ಲಿಗೆ ಪತ್ರ ಮುಗಿಸಬೇಕಿತ್ತು.

ಆದರೆ ಅವತ್ತಿನಿಂದ ನಿದ್ದೆ ಸರಿಯಾಗಿಲ್ಲ. ಲಕ್ಷ್ಮಯ್ಯನ ಮೇಲಿನ ಕನಿಕರದಿಂದ ಅಂದುಕೊಂಡಿದ್ದೆ. ಅಲ್ಲ. ನಿನ್ನ ವೀರಗಲ್ಲಿನ ಪುಸ್ತಕ ಬಂದಾಗ ನಾನು ಮೊದಲು ತೆರೆದದ್ದು ಮುನ್ನುಡಿ. ಬೆರಳಿಟ್ಟು ಹುಡುಕಿದೆ. 'ನೆರವಾದ ಇನ್ನೂ ಹಲವು ಗೆಳೆಯರಿಗೆ' ಅಂತಿತ್ತು. ಆ ಕೆರೆ ಏರಿಯ ಬಿಸಿಲಲ್ಲಿ, ಶಾಸನದ ಪಡಿಯಚ್ಚು ತೆಗೆಯಲು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ ಬ್ರಷ್‌ನಿಂದ ಕುಟ್ಟುತ್ತಾ ಕೂತಿದ್ದು ನಾನು. ಮೂರನೇ ಸಾಲಿನ ಒತ್ತಕ್ಷರ ಬಿಡಿಸಿದ್ದೂ ನಾನೇ. ನೀನು ಆಗ ಹುಣಸೆ ಮರದ ಕೆಳಗೆ ಎಳನೀರು ಕುಡಿಯುತ್ತಾ 'ಭೇಷ್' ಅಂದೆ. ಆ 'ಭೇಷ್' ಅಚ್ಚಾಗಲಿಲ್ಲ. ನಿನಗೆ ಅಭಿನಂದನೆ ಹೇಳಿದ ದಿನ ನನ್ನ ನಗು ಅರ್ಧ ಸುಳ್ಳು. ಇದನ್ನು ಬರೆಯುವ ಯೋಚನೆ ಇರಲಿಲ್ಲ, ಕೈ ಬರೆದುಬಿಟ್ಟಿತು.

ಸರಿ, ಸರಿ. ಇಡೀ ಜಗತ್ತಿಗೆ ಕೇಳುವ ಹಾಗೆ ಹೆಸರಿಗಾಗಿ ಅತ್ತದ್ದಾಯಿತು. ಬೋರಯ್ಯ ನನ್ನನ್ನು ನೋಡಿ ಬಿದ್ದು ಬಿದ್ದು ನಗುತ್ತಿರಬೇಕು. ಮಲೆಯೂರಿನ ಜೈನ ಪಂಡಿತ ದೇವಚಂದ್ರನೇ ಜಾಣ. 1804ರಲ್ಲಿ ಮೆಕೆಂಜಿಯನ್ನು ಕಂಡಿದ್ದನ್ನು ತನ್ನ 'ರಾಜಾವಳೀ ಕಥೆ'ಯಲ್ಲಿ ತಾನೇ ಬರೆದಿಟ್ಟ. ಯಾರ ಮುನ್ನುಡಿಗೂ ಕಾಯುತ್ತಾ ಕೂರಲಿಲ್ಲ.

ಎರಡನೇ ಮುದ್ರಣ ಆಗುತ್ತಿದೆಯಂತೆ, ಅಲ್ವಾ? ಕರಡು ಕಳಿಸು, ತಿದ್ದಿಕೊಡುತ್ತೇನೆ. ಹೆಸರು ಬೇಡ, ದುಡ್ಡು ಕೊಡು. ಹೆಸರೂ ಹಾಕಿದರೆ ಜಗಳವೇನಿಲ್ಲ. ನನ್ನ ಇನಿಶಿಯಲ್ಲು ಮಾತ್ರ ತಪ್ಪಬಾರದು, ಮದುವೆ ಕರೆಯೋಲೆಯಲ್ಲಿ ಏನು ಮಾಡಿದ್ದೆ ಅಂತ ಮರೆತಿಲ್ಲ.

ನಿನ್ನ,
ಹಲವು ಗೆಳೆಯರಲ್ಲೊಬ್ಬ