64 ಎಂದು ಪಂಚ್ ಹೊಡೆದು 64.4 ಕೊಟ್ಟ ವೀಲ್ ಬೇರಿಂಗ್ ಕಿಟ್: ದೂರು

ಇಂದ: ಗ್ಯಾರೇಜ್ ಮಾಲೀಕ, ಕುಮಟಾ, ಉತ್ತರ ಕನ್ನಡ
ಇವರಿಗೆ: ಗ್ರಾಹಕರ ದೂರು ಅಧಿಕಾರಿ, ಟೂಲ್ ಮಾರಾಟ ಕಂಪನಿ
ವಿಷಯ: ಕಿಟ್‌ನ ತಪ್ಪು ಅಳತೆ, ಹಣ ವಾಪಸ್ ಕೇಳಿ

ಮಾನ್ಯರೇ,

ನಿಮ್ಮಿಂದ ಆನ್‌ಲೈನ್‌ನಲ್ಲಿ ತರಿಸಿದ ಮುಂದಿನ ಚಕ್ರದ ಬೇರಿಂಗ್ ತೆಗೆದು ಹೊಸದು ಕೂರಿಸುವ ಟೂಲ್ ಕಿಟ್ ಕೆಲಸಕ್ಕೆ ಬರುತ್ತಿಲ್ಲ. ಫೋನಿನಲ್ಲಿ ಹೇಳಿದ್ದು ನಿಮ್ಮವರ ತಲೆಗೆ ಹೋದ ಹಾಗೆ ಕಾಣಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನದು ಚಿಕ್ಕ ಗ್ಯಾರೇಜ್. ಹೈಡ್ರಾಲಿಕ್ ಪ್ರೆಸ್ ಇಲ್ಲ. ಬೇರಿಂಗ್ ಹೋದ ಕಾರು ಬಂದರೆ ನಕಲ್ (ಬೇರಿಂಗ್ ಕೂರುವ ಚಕ್ರದ ಹಿಂದಿನ ಲೋಹದ ಭಾಗ) ಬಿಚ್ಚಿ, ಪ್ರೆಸ್ ಇದ್ದವರ ಹತ್ತಿರ ಒಯ್ದು ಸರದಿ ಕಾಯಬೇಕು. ತಿರುಗಿ ಜೋಡಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಬೇರೆ ಮಾಡಿಸಬೇಕು. ನಕಲ್ ಬಿಚ್ಚದೆ ಕಾರಿನಲ್ಲೇ ಬೇರಿಂಗ್ ಬದಲಿಸಬಹುದು ಎಂದು ನೀವು ಬರೆದಿದ್ದಿರಿ. ಅದನ್ನು ನಂಬಿ ಕೊಂಡೆ. ನಮ್ಮ ಕರಾವಳಿಯ ಮಳೆ, ಉಪ್ಪುಗಾಳಿ ಗೊತ್ತಲ್ವಾ, ಬೇರಿಂಗ್ ತುಕ್ಕು ಹಿಡಿದು ನಕಲ್‌ಗೆ ಕಚ್ಚಿಕೊಂಡಿರುತ್ತದೆ. ಅಂಥದ್ದನ್ನೂ ನಿಮ್ಮ ಕಿಟ್ ಹೊರಗೆ ತೆಗೆಯಿತು, ಸುಳ್ಳು ಹೇಳುವುದಿಲ್ಲ. ತೊಂದರೆ ಇರುವುದು ಹೊಸದನ್ನು ಕೂರಿಸುವಾಗ.

ಬೇರಿಂಗ್ ಡಿಎಸಿ 34640037. ನಂಬರಿನಲ್ಲೇ ಅಳತೆ ಇದೆ: ಒಳಗೆ 34, ಹೊರಗೆ 64, ಅಗಲ 37 ಮಿಲಿಮೀಟರ್. ಬೇರಿಂಗನ್ನು ಒಳಗೆ ತಳ್ಳುವ, 64 ಎಂದು ಪಂಚ್ ಹೊಡೆದ ನಿಮ್ಮ ಡಿಸ್ಕ್ ವರ್ನಿಯರ್‌ನಲ್ಲಿ (ಅಳತೆಯ ಉಪಕರಣ) 64.4 ತೋರಿಸುತ್ತದೆ. ಬೇರಿಂಗ್ ನಕಲ್‌ನ ಬಾಯಿಗೆ ಸಮ ಆದ ಕೂಡಲೇ ಡಿಸ್ಕ್ ಅಂಚಿಗೆ ಕೂತು ನಿಲ್ಲುತ್ತದೆ. ಬೇರಿಂಗ್ ಹೊರಗೆ ಬರದಂತೆ ಹಿಡಿಯುವ ಸರ್ಕ್ಲಿಪ್ ರಿಂಗಿನ ಗ್ರೂವ್ ಕಾಣಬೇಕಾದರೆ ಬೇರಿಂಗ್ ಇನ್ನೂ ಒಳಗೆ ಹೋಗಬೇಕು. ಅದನ್ನು ತಳ್ಳುವ ಡಿಸ್ಕ್ 64ಕ್ಕಿಂತ ತುಸುವಾದರೂ ಚಿಕ್ಕದಿರಬೇಕು. ನಿಮ್ಮ ಬಾಕ್ಸ್‌ನಲ್ಲಿ ಅದರ ಕೆಳಗಿನ ಸೈಜ್ 55. ನಡುವೆ ಏನೂ ಇಲ್ಲ.

ನಿಮ್ಮ ಕಸ್ಟಮರ್ ಕೇರ್‌ನವರು "55 ಇಟ್ಟು ಸುಮ್ನೆ ಎರಡು ಏಟು ಹಾಕಿ" ಅಂದರು. ಬೇರಿಂಗ್ ಟೂಲ್ ಮಾರುವವರು ಆಡುವ ಮಾತಾ ಇದು? ಬೇರಿಂಗನ್ನು ನಕಲ್‌ಗೆ ಕೂರಿಸುವಾಗ ಒತ್ತಡ ಹೊರ ರೇಸ್ (ಬೇರಿಂಗಿನ ಹೊರಬಳೆ) ಮೇಲೆ ಮಾತ್ರ ಬೀಳಬೇಕು. 55 ಕೂರುವುದು ಸೀಲ್ ಮತ್ತು ಒಳ ರೇಸ್ ಮೇಲೆ. ಆಗ ಏಟೆಲ್ಲ ಗುಂಡುಗಳ ಮೂಲಕವೇ ಹೊರ ರೇಸ್‌ಗೆ ಹೋಗುತ್ತದೆ. ಗುಂಡು ಒತ್ತಿದ ಜಾಗದಲ್ಲಿ ಸಣ್ಣ ಗುಳಿ ಬೀಳುತ್ತದೆ. ಕೈಯಲ್ಲಿ ತಿರುಗಿಸಿದರೆ ಗೊತ್ತಾಗದೇ ಇರಬಹುದು. ಹೈವೇಯಲ್ಲಿ ಸ್ಪೀಡ್ ಹಿಡಿದರೆ ಹೂಂ ಎಂದು ಕೂಗುತ್ತದೆ. ಗಿರಾಕಿ ಹೊನ್ನಾವರ ಮುಟ್ಟುವ ಮೊದಲೇ ಫೋನ್ ಮಾಡುತ್ತಾನೆ. ನಿಮಗಲ್ಲ, ನನಗೆ.

ಇನ್ನೊಂದು. ನಿಮ್ಮ ಮಾರಾಟದ ಪುಟದ ಫೋಟೋದಲ್ಲಿ, ಡಿಸ್ಕನ್ನು ಒಳಗೆ ಎಳೆಯುವ ಉದ್ದ ಬೋಲ್ಟ್‌ನ ನಟ್ ಕೆಳಗೆ ಉಜ್ಜಾಟ ತಗ್ಗಿಸುವ ಥ್ರಸ್ಟ್ ಬೇರಿಂಗ್ ಇತ್ತು. ಬಂದಿರುವುದು ಸಾದಾ ವಾಷರ್. ಸ್ಪಾನರ್‌ಗೆ ಹಾಕಿದ ಬಲ ಅರ್ಧ ಅಲ್ಲೇ ಉಜ್ಜಿ ಹೋಗುತ್ತದೆ, ಗ್ರೀಸ್ ಹಚ್ಚಿದರೂ ಥ್ರೆಡ್ ಆಗಲೇ ಹರಿಯಲು ಶುರುವಾಗಿದೆ.

ಗಿರಾಕಿಯ ಕಾರು ಜಾಕ್ ಮೇಲೆ ನಿಂತಿತ್ತು. ಕೊನೆಗೆ ಊರಿನ ಲೇತ್‌ನಲ್ಲಿ ಇಎನ್8 ಉಕ್ಕಿನ ರಾಡಿನಿಂದ ಒಂದು ರಿಂಗ್ ಮಾಡಿಸಿದೆ. ಹೊರಗೆ 63.5, ಹೊರ ರೇಸ್ ಬಿಟ್ಟು ಬೇರೆಲ್ಲೂ ತಾಗದ ಹಾಗೆ ಒಳಗೆ ಕೊರೆದದ್ದು. ಬೇರಿಂಗ್ ತಕರಾರಿಲ್ಲದೆ ಕೂತಿತು, ಸರ್ಕ್ಲಿಪ್ ಟಕ್ ಎಂದು ಬಿತ್ತು. ಲೇತಿನವರು ಚಹಾ ಕುಡಿಯುವ ಹೊತ್ತಿನಲ್ಲಿ ಮಾಡಿಕೊಟ್ಟ ಅಳತೆ ನಿಮ್ಮ ಫ್ಯಾಕ್ಟರಿಗೆ ಯಾಕೆ ಆಗುವುದಿಲ್ಲ?

"ಬಳಸಿದ ಮಾಲು ವಾಪಸ್ ಇಲ್ಲ, ಗ್ಯಾರೇಜಿನವರು ಗ್ರಾಹಕರಲ್ಲ" ಎಂದು ಉತ್ತರ ಕಳಿಸಿದ್ದೀರಿ. ಡಿಸ್ಕ್ ಸವೆದು ಚಿಕ್ಕದಾಗಬಹುದು, ಬಳಸಿ ದೊಡ್ಡದಾಗುವುದಿಲ್ಲ. ಇನ್ನು 2019ರ ಗ್ರಾಹಕ ರಕ್ಷಣಾ ಕಾಯ್ದೆ ಓದಿ. ಸ್ವಂತ ದುಡಿಮೆಯ ಹೊಟ್ಟೆಪಾಡಿಗೆ ಕೊಂಡ ವಸ್ತುವನ್ನು ಅದು ವ್ಯಾಪಾರಕ್ಕೆ ಕೊಂಡದ್ದು ಎಂದು ಲೆಕ್ಕ ಹಾಕುವುದಿಲ್ಲ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರು ತಲುಪಿದ್ದಕ್ಕೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ತಿಂಗಳೊಳಗೆ ಬಗೆಹರಿಸಬೇಕು.

ಕಿಟ್‌ನ ಪೂರ್ತಿ ಹಣ ಮತ್ತು ಲೇತ್ ಬಿಲ್ ಕೊಡಿ, ಕಿಟ್ ನಿಮ್ಮ ಖರ್ಚಿನಲ್ಲಿ ಒಯ್ಯಿರಿ. ಮಾರಾಟದ ಪುಟದಲ್ಲಿ ಪ್ರತಿ ಡಿಸ್ಕ್‌ನ ನಿಜವಾದ ಅಳತೆ ಹಾಕಿ, ಬೇರೆ ಮೆಕ್ಯಾನಿಕ್‌ಗಳಿಗೆ ಹೀಗೆ ಆಗುವುದು ಬೇಡ. ತಿಂಗಳೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುತ್ತೇನೆ, ನಂತರ ಕಾರವಾರದ ಜಿಲ್ಲಾ ಗ್ರಾಹಕ ಆಯೋಗ. ನಾನಿರುವ ಜಿಲ್ಲೆಯಲ್ಲೇ ಕೇಸ್ ಹಾಕಲು ಕಾಯ್ದೆಯಲ್ಲಿ ಅವಕಾಶ ಇದೆ. ನೀವು ಇಲ್ಲಿಯ ತನಕ ಬರಬೇಕಾಗುತ್ತದೆ.

ಬಿಲ್, ವರ್ನಿಯರ್ ಹಿಡಿದ ಫೋಟೋ, ಲೇತ್ ರಸೀದಿ ಲಗತ್ತಿಸಿದ್ದೇನೆ.

ಇಂತಿ,
ಗ್ಯಾರೇಜ್ ಮಾಲೀಕ, ಕುಮಟಾ