ನೀಲಿ ಅಲೆ ನೋಡಿದ್ದಾಯಿತು, ಮರುವಾಯಿ ಪರೀಕ್ಷೆ ಯಾವಾಗ?

ಮಾನ್ಯರೇ,

ಕಡಲಲ್ಲಿ ನೀಲಿ ಬೆಳಕು ಕಂಡಿತು ಅಂದರೆ ಸಾಕು, ರಾತ್ರೋರಾತ್ರಿ ಜನ ಬೀಚಿಗೆ ಓಡುತ್ತಾರೆ. 2020ರ ನವೆಂಬರಿನಲ್ಲಿ ಉಡುಪಿಯ ಪಡುಕೆರೆ, ಮಟ್ಟು ಕಡೆ ಆದದ್ದೂ ಅದೇ. ಅದು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿಯ ಬೆಳಕು. ಜಾಸ್ತಿಯಾದರೆ ನೀರಿನ ಆಮ್ಲಜನಕ ಕುಸಿದು ಮೀನು ಸಾಯಬಹುದು, ನಮಗೆ ವಿಷವೇನಲ್ಲ. ನನಗೆ ಹೆದರಿಕೆ ಇರುವುದು ಫೋಟೋಗೆ ಸಿಗದ ಪಾಚಿಯ ಬಗ್ಗೆ.

1983ರಲ್ಲಿ ಕಾಸರಗೋಡು ಬಳಿಯ ಕುಂಬಳೆಯಲ್ಲಿ ಮರುವಾಯಿ (ಅಳಿವೆಯಲ್ಲಿ ಸಿಗುವ ಚಿಪ್ಪುಮೀನು) ತಿಂದವರು ಆಸ್ಪತ್ರೆ ಸೇರಿದರು, ಒಬ್ಬ ಹುಡುಗ ತೀರಿಕೊಂಡ. 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ಎಂಬ ಇನ್ನೊಂದು ಚಿಪ್ಪುಮೀನು ತಿಂದು 7 ಮಂದಿ ಸತ್ತರು. ಎರಡೂ ಕಡೆ ಪಾಚಿಯ ವಿಷವೇ ಕಾರಣ. ಕುಂಬಳೆ ಮಂಗಳೂರಿಗೆ ಎಷ್ಟು ದೂರ ಹೇಳಿ?

ಮರುವಾಯಿ ನೀರು ಸೋಸಿ ಸೂಕ್ಷ್ಮ ಪಾಚಿ ತಿಂದು ಬದುಕುತ್ತದೆ. ಕೆಲವು ಜಾತಿಯ ಪಾಚಿಯಲ್ಲಿ ಸ್ಯಾಕ್ಸಿಟಾಕ್ಸಿನ್ ಎಂಬ ವಿಷ ಇರುತ್ತದೆ. ಅದು ಮರುವಾಯಿಯ ಮಾಂಸದಲ್ಲಿ ಸೇರುತ್ತಾ ಹೋಗುತ್ತದೆ. ನೋಡಿದರೆ ಗೊತ್ತಾಗುವುದಿಲ್ಲ, ಮೂಸಿದರೂ ಗೊತ್ತಾಗುವುದಿಲ್ಲ. ಎಷ್ಟು ಬೇಯಿಸಿದರೂ ಹೋಗುವುದಿಲ್ಲ. ತಿಂದ ಮೇಲೆ ಮೊದಲು ತುಟಿ, ನಾಲಗೆ ಜುಮ್ಮೆನ್ನುತ್ತವೆ, ಆಮೇಲೆ ಬೆರಳು ಮರಗಟ್ಟುತ್ತವೆ. ವಿಷ ಜಾಸ್ತಿಯಾದರೆ ಉಸಿರೇ ನಿಲ್ಲುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ. ವೆಂಟಿಲೇಟರ್ ಹಾಕಿ ವಿಷ ಇಳಿಯುವವರೆಗೆ ಕಾಯಬೇಕು.

ಮಳೆಗಾಲದಲ್ಲಿ ನಮ್ಮ ಕಡಲಿನ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತದೆ. ಆಗ ಪಾಚಿ ಹಬ್ಬುವುದು ಸಹಜ. ನಮ್ಮ ಬೂತಾಯಿ, ಬಂಗುಡೆ ಮೀನಿನ ಬೆಳೆಯೂ ಆ ಪೋಷಕಾಂಶದಿಂದಲೇ ಅಲ್ವಾ. ಇದರ ಮೇಲೆ ನಾವು ಹೊಳೆಗೆ ಬಿಡುವ ಚರಂಡಿ ನೀರು, ಹೊಲ-ತೋಟದಿಂದ ತೊಳೆದು ಬರುವ ಗೊಬ್ಬರ ಬೇರೆ. ಹಾಗಂತ ಎಲ್ಲ ಪಾಚಿಯೂ ವಿಷವಲ್ಲ. ನೀರಿನ ಬಣ್ಣ ಬದಲಾಗದಿದ್ದರೆ ವಿಷ ಇಲ್ಲ ಅಂತಲೂ ಅಲ್ಲ.

ಹೈದರಾಬಾದಿನ ಇನ್‌ಕಾಯಿಸ್ ಎಂಬ ಸಾಗರ ಮಾಹಿತಿ ಸಂಸ್ಥೆ ಉಪಗ್ರಹದಿಂದ ಪಾಚಿಯ ಮೇಲೆ ಕಣ್ಣಿಟ್ಟಿದೆ, ಒಳ್ಳೆಯದೇ. ಆದರೆ ಉಪಗ್ರಹಕ್ಕೆ ಚಿಪ್ಪಿನೊಳಗಿನ ವಿಷ ಕಾಣುವುದಿಲ್ಲ. ಯುರೋಪ್, ಅಮೆರಿಕದಲ್ಲಿ ಮಾಂಸವನ್ನೇ ಪರೀಕ್ಷಿಸುತ್ತಾರೆ. ಈ ವಿಷ ಕಿಲೋ ಮಾಂಸಕ್ಕೆ 800 ಮೈಕ್ರೋಗ್ರಾಂ ದಾಟಿದರೆ ಆ ಜಾಗದಲ್ಲಿ ಚಿಪ್ಪು ತೆಗೆಯುವುದನ್ನೇ ನಿಲ್ಲಿಸುತ್ತಾರೆ. ಇಲ್ಲಿಯೂ ಮೀನುಗಾರಿಕೆ ಇಲಾಖೆ ಅಳಿವೆಗಳ ಮರುವಾಯಿಯನ್ನು ವಾರಕ್ಕೊಮ್ಮೆ ಪರೀಕ್ಷೆಗೆ ಕಳಿಸಲಿ. ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲೇ ಇದೆ. ಫಲಿತಾಂಶವನ್ನು ಹೊಳೆಬದಿಯಲ್ಲಿ ಕನ್ನಡದಲ್ಲಿ ಬರೆದು ಹಾಕಲಿ.

ಮರುವಾಯಿ ತಿನ್ನಬೇಡಿ ಅಂತ ನಾನು ಹೇಳುತ್ತಿಲ್ಲ. ಮರುವಾಯಿಯ ಸುಕ್ಕ ಪದಾರ್ಥ ಬಿಡುವುದು ನನ್ನಿಂದಲೂ ಆಗದು. ಸುಮ್ನೆ ಗುಲ್ಲೆದ್ದರೆ ಮೊದಲು ಹೊಡೆತ ಬೀಳುವುದು ಸೊಂಟದವರೆಗೆ ನೀರಿಗಿಳಿದು ಮರುವಾಯಿ ಹೆಕ್ಕುವವರಿಗೆ. ತೆಗೆಯಬೇಡಿ ಎಂದ ದಿನಗಳಿಗೆ ಅವರಿಗೆ ಪರಿಹಾರವನ್ನೂ ಕೊಡಬೇಕು.

– ಓದುಗ, ಉಳ್ಳಾಲ